ಏಳು ಬಾಟಲಿ, ಒಂದು ಪೆನ್ನು

ಕೋಪರಖೈರಣೆಯ ನಮ್ಮ ಲಾಂಡ್ರಿಯಲ್ಲಿ ಬಟ್ಟೆಗೆ ಗುರುತು ಹಾಕುವವಳು ನಾನು. ಅಂಗಿಯಾದರೆ ಕಾಲರಿನ ಒಳಗೆ, ಪ್ಯಾಂಟಾದರೆ ಸೊಂಟಪಟ್ಟಿಯ ಒಳಗೆ, ಸೀರೆಯಾದರೆ ಅಂಚಿನ ಮೂಲೆಯಲ್ಲಿ, ಕಪ್ಪು ಪೆನ್ನಿನಿಂದ ಎರಡು ಅಕ್ಷರ, ಒಂದು ಅಂಕಿ. ಸೋಡಾ ನೀರಿನಲ್ಲಿ ಕುದಿಸಿದರೂ, ಬ್ಲೀಚಿನಲ್ಲಿ ಮುಳುಗಿಸಿದರೂ ಆ ಗುರುತು ಹೋಗುವುದಿಲ್ಲ. ಇಷ್ಟು ವರ್ಷಗಳಲ್ಲಿ ಒಬ್ಬರ ಅಂಗಿ ಇನ್ನೊಬ್ಬರ ಮನೆಗೆ ಹೋದದ್ದಿಲ್ಲ. ನನಗೆ ಇದ್ದ ಹೆಮ್ಮೆ ಅದೊಂದೇ. ಆ ಹೆಮ್ಮೆಯ ಮೇಲೆ ಈಗ ನನಗಿರುವ ಸಿಟ್ಟು ಇನ್ನಾರ ಮೇಲೂ ಅಷ್ಟಿಲ್ಲ. ಇನ್ನು ಕೆಲವರ ಮೇಲೂ ಇದೆ. ಅವರ ವಿಷಯ ಮುಂದೆ ಬರುತ್ತದೆ.

ನನ್ನ ತಂಗಿ ಡೊಂಬಿವಲಿಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಾಳೆ. ಮನೆ ಠಾಣೆಯ ವರ್ತಕ ನಗರದಲ್ಲಿ. ನಾನು ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು. ಅವಳು ಹೆಸರಿನ ಹಿಂದೆ ಡಾಕ್ಟರ್ ಎಂದು ಬರೆಯುವವಳು. ಮಳೆಗಾಲದಲ್ಲಿ ಅವಳು ಕಲ್ಯಾಣದಿಂದ ಬಸ್ಸು ಹಿಡಿದು ಎರಡು ತಾಸು ಆಚೆ ಇರುವ ಗುಡ್ಡಗಳಿಗೆ ಹೋಗಿ ಕಪ್ಪೆ ಹುಡುಕುತ್ತಾಳೆ. ಜೊತೆಗೆ ಬರುತ್ತಿದ್ದ ವಿದ್ಯಾರ್ಥಿನಿಗೆ ಆ ವರ್ಷ ಮದುವೆಯಾಯಿತು. ಒಬ್ಬಳೇ ಹೋಗಲು ಕಾಲೇಜಿನವರು ಬಿಡಲಿಲ್ಲ. "ಅಕ್ಕಾ, ನೀ ಬಾ" ಎಂದಳು. ಅರಣ್ಯ ಇಲಾಖೆಯ ಪರವಾನಗಿಯಲ್ಲಿ ನನ್ನ ಹೆಸರನ್ನೂ ಸೇರಿಸಿ, ಆ ಕಾಗದಕ್ಕೆ ಲ್ಯಾಮಿನೇಷನ್ ಮಾಡಿಸಿ ನನ್ನ ಕೊರಳಿಗೆ ಹಾಕಿದಳು.

ಏನು ಹುಡುಕುತ್ತಿದ್ದೇವೆ ಎಂದು ಮೊದಲ ದಿನವೇ ಲೋಕಲ್ ಟ್ರೇನಿನಲ್ಲಿ ಮೊಬೈಲು ತೋರಿಸಿ ಹೇಳಿದಳು.

"ಇದು ನೋಡು. ಖರೇ ಗಾಜುಗಪ್ಪಿ ಅಂದ್ರ ಇದು. ದಕ್ಷಿಣ ಅಮೆರಿಕಾದಾಗ ಮೋಡ ಇಳಿಯೋ ಅಡವ್ಯಾಗ ಇರ್ತದ. ಹೊಟ್ಟಿ ಚರ್ಮ ಗಾಜಿನಂಗ. ಒಳಗ ಎದಿ ಬಡಕೊಳ್ಳೂದು ಕಾಣತದ."

"ನಿನ್ನ ಕಪ್ಪಿ ಇದರ ಬೀಗರ ಪೈಕಿ ಏನು?"

ನಕ್ಕಳು. "ಸಂಬಂಧನ ಇಲ್ಲ. ನಮ್ಮದು ಪೊದಿಗಪ್ಪಿ. ಹೊಟ್ಟಿ ಅಷ್ಟ ಹಂಗ ಕಾಣತದ. ನೋಡಾಕ ಒಂದ ಥರಾ ಇದ್ರ ಒಂದ ಮನಿತನ ಆಗೂದಿಲ್ಲ ಅಕ್ಕಾ."

ಅವಳ ಕಪ್ಪೆ ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು. ಹಳದಿ ಕಲೆಸಿದ ಹಸಿರು. ಮೊಟ್ಟೆ ತುಂಬಿದ ಹೆಣ್ಣನ್ನು ಬೆಳಕಿಗೆ ಹಿಡಿದರೆ ಹೊಟ್ಟೆಯ ಚರ್ಮದ ಮೂಲಕ ಮೊಟ್ಟೆಗಳು ಒಂದೊಂದಾಗಿ ಕಾಣುತ್ತವೆ. ಗಂಡುಗಳಲ್ಲಿ ಆ ಗುರುತೂ ಇಲ್ಲ. ಆ ಕಡೆಯ ಗುಡ್ಡಗಳಲ್ಲೆಲ್ಲ ಇರುವ ಸಾಮಾನ್ಯ ಪೊದೆಗಪ್ಪೆಯ ಗಂಡನ್ನೂ ಇದರ ಗಂಡನ್ನೂ ಪಕ್ಕಪಕ್ಕ ಇಟ್ಟರೆ ನಾನಿರಲಿ, ತಂಗಿಗೂ ಗೊತ್ತಾಗುವುದಿಲ್ಲ. ಬೇರೆ ಎಂದು ಹೇಳಬೇಕಾದರೆ ಎರಡೇ ದಾರಿ. ಒಂದು ಕೂಗು. ಸಾಮಾನ್ಯದ್ದು ಸರಪಳಿ ಎಳೆದಂತೆ ಟ್ರ್ರಿಕ್ ಎನ್ನುತ್ತದೆ. ಇದು ಗಾಜಿನ ಲೋಟಕ್ಕೆ ಉಗುರು ತಾಗಿಸಿದಂತೆ ಒಂದು ಟಿಕ್, ಸ್ವಲ್ಪ ಬಿಟ್ಟು ಇನ್ನೊಂದು. ಎರಡನೆಯದು, ಮಾಂಸದ ಚೂರನ್ನು ಪ್ರಯೋಗಾಲಯಕ್ಕೆ ಕಳಿಸಿ ವಂಶ ಓದಿಸುವುದು.

ಅವಳಿಗೆ ಇದ್ದದ್ದು ಎರಡು ಪ್ರಶ್ನೆ. ಇದು ಯಾವ ಜಾತಿ? ಇದು ಎಲ್ಲೆಲ್ಲಿ ಇದೆ?

ಗುಡ್ಡಗಳನ್ನು ಅವಳು ಅಂಕಿಯಿಂದ ಕರೆಯುತ್ತಿದ್ದಳು. ಒಂದನೇ ಗುಡ್ಡ ದೊಡ್ಡದು, ಸರ್ಕಾರ ಕಾಯ್ದಿಟ್ಟ ಕಾಡು. ಅಲ್ಲಿ ಒಂದು ಕಡ್ಡಿ ಮುರಿದರೂ ದಂಡ. ಎರಡನೇ ಗುಡ್ಡ ಚಿಕ್ಕದು. ಅದರ ನೆತ್ತಿಯ ಮೇಲೆ ಕಾರ್ವಿ ಗಿಡಗಳ ಒತ್ತಾದ ಪೊದೆ, ಮಳೆಗಾಲದ ಮೂರು ತಿಂಗಳು ಮೋಡ. ಕೆಳಗೆ ಒಂದು ಹೊಲದಲ್ಲಿ ಬಿಳಿ ಬಣ್ಣ ಬಳಿದ ಕಲ್ಲುಗಳನ್ನು ನೆಟ್ಟಿದ್ದರು. ಕಲ್ಲುಗಣಿಯವರು ಗುಡ್ಡ ಕೇಳಿದ್ದರು. ಗಾಜುಹೊಟ್ಟೆಯ ಕಪ್ಪೆ ಹಿಂದಿನ ವರ್ಷ ಅವಳಿಗೆ ಕೇಳಿಸಿದ್ದು ಅಲ್ಲಿಯೇ, ಎರಡನೆಯದರಲ್ಲಿ.

ಅಲ್ಲಿ ನಮಗೆ ದಾರಿ ತೋರಿಸುತ್ತಿದ್ದದ್ದು ಗುಡ್ಡದ ಬುಡದ ಹಟ್ಟಿಯ ಒಬ್ಬ ಆದಿವಾಸಿ ಹೆಂಗಸು. ನಾವು ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ಓದು ಬರದು. ಕಪ್ಪೆಗೆ ಅವಳ ಬಳಿ ಮೊದಲೇ ಹೆಸರಿತ್ತು: ಕಾಚಪೋಟಿ, ಗಾಜಿನ ಹೊಟ್ಟೆಯವಳು. ತಂಗಿ ಒಂದು ವರ್ಷ ಒದ್ದಾಡಿ ಬೇರೆ ಎಂದು ಗುರುತಿಸಿದ್ದನ್ನು ಅವಳ ಅಜ್ಜಿಯೇ ಬೇರೆ ಎಂದು ಕರೆದಿದ್ದಳು.

ಎರಡು ವಾರ ಮೂವರೂ ಹತ್ತಿದೆವು. ನಾನು ಬೇಗ ಕಲಿತೆ. ಕೂಗಿನ ಕಡೆಗೆ ನೇರವಾಗಿ ಹೋಗಬಾರದು. ಇಬ್ಬರು ಎರಡು ಬದಿಯಿಂದ ಬೆರಳು ತೋರಿಸಿ, ಎರಡು ಗೆರೆ ಕೂಡುವ ಎಲೆಯನ್ನು ನೋಡಬೇಕು. ಮೋಡ ಇಳಿದ ದಿನ ಕಪ್ಪೆಗಳು ಹಗಲಿನಲ್ಲಿಯೇ ಕೂಗುತ್ತವೆ. ಹಿಡಿದದ್ದನ್ನು ಒದ್ದೆ ಎಲೆಯ ಜೊತೆ ಚೀಲದಲ್ಲಿ ಹಾಕಿ, ಹಲ್ಲಿನ ಡಾಕ್ಟರು ಒಸಡಿಗೆ ಹಚ್ಚುವಂಥ ಮುಲಾಮನ್ನು ತಲೆಗೆ ಹಚ್ಚಿದರೆ ಅದು ನೋವಿಲ್ಲದೆ ನಿದ್ರೆಗೆ ಹೋಗುತ್ತದೆ. ಆಮೇಲೆ ಸ್ಪಿರಿಟ್ಟಿನ ಬಾಟಲಿ. ಬಾಟಲಿಯ ಒಳಗೆ ದಪ್ಪ ಕಾಗದದ ಚೀಟಿ. ಚೀಟಿಯ ಮೇಲೆ ಗುಡ್ಡ, ದಿನ, ಎತ್ತರ.

"ಚೀಟಿ ಇಲ್ಲದ ಕಪ್ಪಿ ಸತ್ತದ್ದ ದಂಡ" ಎನ್ನುತ್ತಿದ್ದಳು ತಂಗಿ. "ಎಲ್ಲಿದು ಅಂತ ಗೊತ್ತಿಲ್ಲಂದ್ರ ಅದನ್ನ ಕೊಂದದ್ದಕ್ಕ ಅರ್ಥ ಇಲ್ಲ."

ಮೂರನೇ ವಾರ ಅವಳು ಕಾಲೇಜಿನ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡಳು. ಪ್ಲಾಸ್ಟರು. ಮಳೆ ಯಾರಿಗೂ ಕಾಯುವುದಿಲ್ಲ. "ನಾ ಹೋಗಿ ಬರ್ತೀನಿ, ಮಾವಶಿ ಅದಾಳಲ್ಲ" ಎಂದೆ. ಒಂದು ದಿನ ಒಂದನೇ ಗುಡ್ಡ, ರಾತ್ರಿ ಮಾವಶಿಯ ಮನೆ, ಮರುದಿನ ಎರಡನೇ ಗುಡ್ಡ ಎಂದು ನಿಶ್ಚಯವಾಯಿತು. ವರ್ತಕ ನಗರದ ಅವಳ ಮನೆಯಲ್ಲಿ ಹಾಸಿಗೆಯ ಮೇಲೆ ಸಾಮಾನು ಹರಡಿಕೊಂಡು ನನಗೆ ಪಾಠ ಮಾಡಿದಳು.

"ಪೆನ್ಸಿಲ್ಲಲೇ ಬರಿ. ಪೆನ್ ಮುಟ್ಟಬ್ಯಾಡ. ತಿಳೀತಲ್ಲ? ಪೆ-ನ್ಸಿಲ್."

"ತಿಳೀತು."

"ಮತ್ತ ನೋಟ್‌ಬುಕ್ಕಿನಾಗ ಒಂದೊಂದು ಕಪ್ಪಿಗೂ ಒಂದೊಂದು ಸಾಲು. ಅಲ್ಲೇ ನಿಂತು ಬರೀಬೇಕು, ಆಮ್ಯಾಲಲ್ಲ. ಪೆನ್ಸಿಲ್ ಯಾಕಂದ್ರ..."

ಯಾಕೆ ಎಂದು ಅವಳು ಹೇಳಿದಳು. ಹೇಳಲಿಲ್ಲ ಎಂದು ಬಹಳ ದಿನ ನನಗೆ ನಾನೇ ನಂಬಿಸಿಕೊಂಡಿದ್ದೆ, ಅದು ಸುಳ್ಳು. ಹೇಳಿದಳು, ನಾನು ಕೇಳಲಿಲ್ಲ. ಪೆನ್ಸಿಲ್ ಎಂಬ ಶಬ್ದವನ್ನು ಒಡೆದು ಒಡೆದು ಹೇಳಿದ್ದೇ ನನ್ನ ತಲೆಯಲ್ಲಿ ಕುಳಿತಿತ್ತು. ಇವಳ ಜಡೆ ಹೆಣೆದು ಶಾಲೆಗೆ ಕಳಿಸಿದವಳು ನಾನು. ಗುರುತು ಹಾಕುವುದನ್ನು ಇವಳು ನನಗೆ ಕಲಿಸುತ್ತಾಳೆ.

ಒಂದನೇ ಗುಡ್ಡದ ಮೇಲೆ ಮಳೆ ಅಡ್ಡಡ್ಡ ಹೊಡೆಯುತ್ತಿತ್ತು. ನಾಲ್ಕು ಗಂಡು ಸಿಕ್ಕವು. ಮಾವಶಿಯ ಮನೆಯ ಕಟ್ಟೆಯ ಮೇಲೆ ಕುಳಿತು ಚೀಟಿ ಬರೆಯಲು ಹೊರಟರೆ ಕಾಗದ ತೇವವಾಗಿ ಪೆನ್ಸಿಲ್ ಮೊನೆ ಅದನ್ನು ಹರಿಯಿತು. ಇನ್ನೊಂದು ಚೀಟಿ ತೆಗೆದೆ. ಅದೂ ಹರಿಯಿತು. ಚೀಲದ ಜೇಬಿನಲ್ಲಿ ಲಾಂಡ್ರಿಯ ಪೆನ್ನಿತ್ತು, ಅದು ಯಾವಾಗಲೂ ಇರುತ್ತದೆ. ತೆಗೆದು ಬರೆದೆ. ದಪ್ಪಗೆ, ಕಪ್ಪಗೆ, ಚೆಂದಾಗಿ ಮೂಡಿತು. ಕುದಿವ ಸೋಡಾಕ್ಕೆ ಜಗ್ಗದ್ದು ಇಷ್ಟು ತಣ್ಣನೆಯ ಸ್ಪಿರಿಟ್ಟಿಗೆ ಜಗ್ಗೀತೇ? ಮುಚ್ಚಳದ ಮೇಲೂ ಅದರಿಂದಲೇ ಬರೆದೆ. ಮಾವಶಿ ನೋಡುತ್ತಿದ್ದಳು.

"ತಾಯಿ ಪೆನ್ಸಿಲ್ ಮ್ಹಣಾಲೀ ಹೋತೀ ನಾ?" ಎಂದಳು. ತಾಯಿ ಎಂದರೆ ಅವರಲ್ಲಿ ಅಕ್ಕ. ನನ್ನ ತಂಗಿಯನ್ನು ಅವಳು ಹಾಗೆ ಕರೆಯುತ್ತಿದ್ದಳು. ಆಕೆ ಪೆನ್ಸಿಲ್ ಎಂದಿದ್ದಳಲ್ಲವೇ ಎಂದು ಕೇಳುತ್ತಿದ್ದಳು.

"ಯೇ ಉಸಸೇ ಪಕ್ಕಾ ಹೈ" ಎಂದೆ ನಾನು. ಇದು ಅದಕ್ಕಿಂತ ಗಟ್ಟಿ.

ಮರುದಿನ ಎರಡನೇ ಗುಡ್ಡದಲ್ಲಿ ಮೂರು ಗಂಡು. ಅದೇ ಪೆನ್ನು. ನೋಟ್‌ಬುಕ್ಕಿನಲ್ಲಿ ಒಂದೊಂದಕ್ಕೆ ಒಂದೊಂದು ಸಾಲು ಬರೆಯಲಿಲ್ಲ. ನನ್ನ ಬರವಣಿಗೆ ನಿಧಾನ. ಮಳೆಯಲ್ಲಿ ನಿಂತು ಬರೆಯುವುದು ಇನ್ನೂ ನಿಧಾನ. ಒಂದು ಪುಟದಲ್ಲಿ ನಾಲ್ಕು ಎಂದೂ ಮುಂದಿನ ಪುಟದಲ್ಲಿ ಮೂರು ಎಂದೂ ಬರೆದೆ. ಉಳಿದದ್ದು ಚೀಟಿಯಲ್ಲಿ ಇದೆಯಲ್ಲ. ಏಳೂ ಬಾಟಲಿಯನ್ನು ಒಂದೇ ಡಬ್ಬಿಯಲ್ಲಿ ಹಾಕಿ, ಬಸ್ಸು ಹಿಡಿದು ಕಲ್ಯಾಣಕ್ಕೆ ಬಂದು, ಠಾಣೆಯಲ್ಲಿ ಗಾಡಿ ಬದಲಿಸಿ ಕೋಪರಖೈರಣೆಗೆ ಬಂದೆ.

ಮನೆಯಲ್ಲಿ ಡಬ್ಬಿ ತೆರೆದಾಗ ಸ್ಪಿರಿಟ್ಟು ನೇರಳೆ ಬಣ್ಣಕ್ಕೆ ತಿರುಗಿತ್ತು.

ಮೊದಲು ಕಪ್ಪೆಗಳಿಂದಲೇ ಏನೋ ಬಣ್ಣ ಬಿಟ್ಟಿದೆ ಎಂದುಕೊಂಡೆ. ಚಿಮಟಿಗೆಯಿಂದ ಚೀಟಿ ಹೊರಗೆ ತೆಗೆದೆ. ಖಾಲಿ. ಒಗೆದ ಬಟ್ಟೆಯಷ್ಟು ಬೆಳ್ಳಗೆ. ಏಳೂ ಹಾಗೆಯೇ. ಮುಚ್ಚಳಗಳಿಂದ ಸ್ಪಿರಿಟ್ಟು ಜಿನುಗಿ ಅಲ್ಲಿಯ ಬರಹವೂ ಅಳಿಸಿತ್ತು. ನಾಲ್ಕು ಒಂದು ಗುಡ್ಡದವು, ಮೂರು ಇನ್ನೊಂದರವು. ಡಬ್ಬಿಯೊಳಗೆ ಎಲ್ಲ ಉರುಳಿ ಕಲೆತುಹೋಗಿದ್ದವು.

ಆಗಲೇ ಫೋನು ಮಾಡಿದ್ದರೆ ಅವಳು ಬೈಯುತ್ತಿದ್ದಳು. ಮಳೆ ಇನ್ನೂ ಇತ್ತು, ಮತ್ತೆ ಹೋಗಬಹುದಿತ್ತು. ಅಷ್ಟೇ ಆಗುತ್ತಿದ್ದದ್ದು. ಅಷ್ಟು ಬೈಗುಳವನ್ನು ತಿನ್ನಲು ನಾನು ತಯಾರಿರಲಿಲ್ಲ. ಪೆ-ನ್ಸಿಲ್ ಎಂಬ ಆ ಶಬ್ದವನ್ನು ಇನ್ನೊಮ್ಮೆ ಒಡೆದು ಹೇಳಿಸಿಕೊಳ್ಳಲು ತಯಾರಿರಲಿಲ್ಲ.

ಇದು ಸ್ವಲ್ಪ ಉದ್ದವಿತ್ತು, ಇದರ ಬೆನ್ನಿನ ಮೇಲೆ ಚುಕ್ಕಿ ಇತ್ತು ಎಂದು ನೆನಪು ಮಾಡಿಕೊಂಡೆ. ನೆನಪು ಎನ್ನುವುದು ಮರ್ಯಾದೆಯ ಮಾತು, ಊಹೆ. ಪೆನ್ಸಿಲ್ಲಿನಿಂದ ಏಳು ಹೊಸ ಚೀಟಿ ಬರೆದೆ. ನೇರಳೆ ಸ್ಪಿರಿಟ್ಟು ಚೆಲ್ಲಿ ಹೊಸದು ತುಂಬಿದೆ. ಮರುದಿನ ತೆಗೆದುಕೊಂಡು ಹೋಗಿ ಕೊಟ್ಟೆ. ತಂಗಿ ಒಂದೊಂದನ್ನೂ ಬೆಳಕಿಗೆ ಹಿಡಿದು ಚೀಟಿ ಓದಿ, "ಎಷ್ಟ ಚಂದ ಬರದಿ ಅಕ್ಕಾ. ನನ್ನ ಸ್ಟೂಡೆಂಟ್ಸೂ ಹಿಂಗ ಬರಿಯಂಗಿಲ್ಲ" ಎಂದಳು.

ಚಳಿಗಾಲದಲ್ಲಿ ಪ್ರಯೋಗಾಲಯದಿಂದ ಉತ್ತರ ಬಂತು. ಏಳರಲ್ಲಿ ಮೂರು ಬೇರೆಯೇ ವಂಶ. ಹೊಸ ಜಾತಿ ಎಂಬುದು ಖಾತ್ರಿಯಾಯಿತು. ಆದರೆ ಚೀಟಿಗಳ ಪ್ರಕಾರ ಆ ಮೂರರಲ್ಲಿ ಎರಡು ಎರಡನೇ ಗುಡ್ಡದವು, ಒಂದು ಒಂದನೇ ಗುಡ್ಡದ್ದು. ತಂಗಿ ಫೋನು ಮಾಡಿದಳು.

"ಅಕ್ಕಾ, ನಾಕನೇ ಬಾಟ್ಲಿ ಒಂದನೇ ಗುಡ್ಡದ್ದ ಹೌದಲ್ಲ?"

ನನ್ನ ಕೈಯಲ್ಲಿ ಇಸ್ತ್ರಿ ಇತ್ತು. ಅದನ್ನು ನಿಲ್ಲಿಸಿದೆ.

"ಯಾಕ?"

"ಅಲ್ಲಿ ನನಗ ಅದರ ಕೂಗು ಎಂದೂ ಕೇಳಿಲ್ಲ. ನಿನಗ ಕೇಳಿತ್ತೇನು?"

ಕೇಳಿರಲಿಲ್ಲ. ಒಂದನೇ ಗುಡ್ಡದ ಮೇಲೆ ಆ ದಿನ ನನಗೆ ಕೇಳಿಸಿದ್ದೆಲ್ಲ ಸರಪಳಿ ಎಳೆದ ಕೂಗೇ. ಗಾಜಿನ ಲೋಟ ಒಂದೂ ಇಲ್ಲ. ಅದು ನನಗೆ ಇಂದಿಗೂ ಖಚಿತವಾಗಿ ಗೊತ್ತು.

"ಮಳಿ ಭಾಳ ಇತ್ತು. ಹೌದು, ಒಂದನೇದ್ದ" ಎಂದೆ.

"ನೀ ಗುರುತು ಹಾಕೀದಿ ಅಂದ್ರ ಮುಗೀತು ಬಿಡು."

ಅವಳು ಮುಂದಿನ ಮಳೆಗಾಲದವರೆಗೆ ಕಾದು, ಒಂದನೇ ಗುಡ್ಡಕ್ಕೆ ತಾನೇ ಹೋಗಿ ಕೇಳಿ ಆಮೇಲೆ ಬರೆಯಬೇಕೆಂದಿದ್ದಳು. ಎರಡನೇ ಗುಡ್ಡದ ಕಾಗದಪತ್ರಗಳು ಓಡುತ್ತಿದ್ದವು. ಕಪ್ಪೆಯ ಹೆಸರು ಅಚ್ಚಾಗದಿದ್ದರೆ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದ್ದರಿಂದ ಅವಸರ ಮಾಡಿದಳು. ಲೇಖನ ಅಚ್ಚಾಯಿತು. ಹೊಸ ಹೆಸರು, ಕೂಗಿನ ಗೆರೆಚಿತ್ರ, ಹೊಟ್ಟೆಯೊಳಗಿನ ಮೊಟ್ಟೆಗಳ ಬಣ್ಣದ ಫೋಟೋ. ಕೊನೆಗೆ ಒಂದು ನಕ್ಷೆ. ನಕ್ಷೆಯಲ್ಲಿ ಎರಡು ಕೆಂಪು ಚುಕ್ಕಿ. ಒಂದು ಚುಕ್ಕಿ ಕಪ್ಪೆಯದು. ಇನ್ನೊಂದು ನನ್ನದು.

ಬೇಸಿಗೆಯ ಕೊನೆಗೆ ಗಣಿಯ ಬಗ್ಗೆ ಜನರ ಅಹವಾಲು ಕೇಳುವ ಸಭೆ ಇಟ್ಟರು, ಗುಡ್ಡದ ಬುಡದ ಶಾಲೆಯಲ್ಲಿ. ತಂಗಿಯ ಜೊತೆ ನಾನೂ ಹೋದೆ. ಮಾವಶಿ ಇಸ್ತ್ರಿಯ ಸೀರೆ ಉಟ್ಟು ಬಂದಿದ್ದಳು. ಹಿಂದಿನ ಸಲ ನಾನೇ ಇಸ್ತ್ರಿ ಮಾಡಿ ಒಯ್ದು ಕೊಟ್ಟ ಸೀರೆ. ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತಳು. ತಂಗಿ ಎದ್ದು, ಈ ಕಪ್ಪೆ ಈ ಎರಡು ಗುಡ್ಡ ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಇಲ್ಲ, ಈ ಗುಡ್ಡದ ನೆತ್ತಿ ಹೋದರೆ ಇದು ಉಳಿಯುವುದು ಕಷ್ಟ ಎಂದು ಹತ್ತು ನಿಮಿಷ ಮರಾಠಿಯಲ್ಲಿ ಹೇಳಿದಳು.

ಗಣಿಯವರ ಪರವಾಗಿ ಪರಿಸರದ ವರದಿ ಬರೆದವನು ಎದ್ದ. ಮೈಸೂರಿನವನು. ಗೆರೆ ಬೀಳದ ಬಿಳಿ ಅಂಗಿ. ಮಾತು ಶುರು ಮಾಡುವ ಮೊದಲು ತಂಗಿಯ ಕಡೆ ಬಾಗಿ ಕನ್ನಡದಲ್ಲಿ ಹೇಳಿದ.

"ಬೇಜಾರ್ ಮಾಡ್ಕೋಬೇಡಿ ಮೇಡಂ. ನಿಮ್ ವಿರುದ್ಧ ನಾವೇನೂ ಹೇಳ್ತಿಲ್ಲ. ನೀವೇ ಬರ್ದಿದ್ದನ್ನ ಓದ್ತಿದೀನಿ, ಅಷ್ಟೇ."

ಓದಿದ. ಅವಳ ಲೇಖನದ ನಕ್ಷೆಯನ್ನೇ ದೊಡ್ಡದು ಮಾಡಿ ಗೋಡೆಗೆ ಅಂಟಿಸಿದ್ದ. ಕಪ್ಪೆ ಸರ್ಕಾರ ಕಾಯ್ದಿಟ್ಟ ದೊಡ್ಡ ಕಾಡಿನಲ್ಲೂ ಇದೆ, ಅಲ್ಲಿ ಸುರಕ್ಷಿತವಾಗಿದೆ. ಆದ್ದರಿಂದ ಚಿಕ್ಕ ಗುಡ್ಡ ಕಡಿದರೆ ಜಾತಿಗೆ ಅಪಾಯವಿಲ್ಲ. ಬೆರಳು ನನ್ನ ಚುಕ್ಕಿಯ ಮೇಲಿತ್ತು. ತಾನೇ ಬರೆದದ್ದನ್ನು ತಂಗಿ ಹೇಗೆ ಅಲ್ಲಗಳೆಯುತ್ತಾಳೆ?

ಆಗ ಮಾವಶಿ ಎದ್ದಳು. ಯಾರೂ ಕರೆದಿರಲಿಲ್ಲ.

"ತಿಕಡೇ ನಾಹೀ ತೀ" ಎಂದಳು. ಅದು ಆ ಕಡೆ ಇಲ್ಲ. "ಕಾಚಪೋಟಿ ಯಾಚ ಡೋಂಗರಾವರ್. ತಿಕಡೇ ಕಧೀಚ ನವ್ಹತೀ." ಈ ಗುಡ್ಡದ ಮೇಲೆ ಮಾತ್ರ. ಅಲ್ಲಿ ಎಂದೂ ಇರಲಿಲ್ಲ.

ವೇದಿಕೆಯ ಮೇಲಿದ್ದ ಸಾಹೇಬರು ನಗುತ್ತಲೇ, "ಆಜೀ, ಡಾಕ್ಟರ್ ಬಾಯೀಂನೀ ಛಾಪಲಂಯ. ತುಮ್ಹಾಲಾ ಜಾಸ್ತ ಕಳತಂ ಕಾ?" ಎಂದರು. ಅಜ್ಜಿ, ಡಾಕ್ಟರು ಅಚ್ಚು ಹಾಕಿಸಿದ್ದಾರೆ, ನಿಮಗೆ ಅವರಿಗಿಂತ ಹೆಚ್ಚು ಗೊತ್ತೋ?

ಹಾಲ್ ತುಂಬ ನಕ್ಕರು. ಹಿಂದಿನ ಸಾಲಿನಲ್ಲಿ ಒಬ್ಬ ಕಪ್ಪೆಯಂತೆ ವಟರ್ ಎಂದ. ಇನ್ನೂ ನಕ್ಕರು. ಮಾವಶಿ ನಿಂತೇ ಇದ್ದಳು. ತಲೆ ತಿರುಗಿಸಿ ನನ್ನನ್ನು ನೋಡಿದಳು. ಆ ಎರಡೂ ದಿನ ಎರಡೂ ಗುಡ್ಡದ ಮೇಲೆ ಅವಳ ಜೊತೆ ಇದ್ದವಳು ನಾನೊಬ್ಬಳೇ.

ನಾನು ನನ್ನ ಚಪ್ಪಲಿ ನೋಡುತ್ತ ಕುಳಿತೆ.

ಚೀಟಿ ಅಳಿಸಿದ್ದು ತಪ್ಪು. ಊಹೆಯಿಂದ ಬರೆದದ್ದು ಮೋಸ. ಫೋನಿನಲ್ಲಿ ಹೌದು ಎಂದದ್ದು ಸುಳ್ಳು. ಆದರೆ ಇವೆಲ್ಲಕ್ಕಿಂತ ನನ್ನನ್ನು ಸುಡುವುದು ಆ ಶಾಲೆಯಲ್ಲಿ ನಾನು ಚಪ್ಪಲಿ ನೋಡಿಕೊಂಡು ಕುಳಿತದ್ದು. ಓದಿಲ್ಲದವಳು ಎಂದು ಯಾರಾದರೂ ನನ್ನನ್ನು ನೋಡಿ ನಕ್ಕರೆ ಮೂರು ದಿನ ಊಟ ಸೇರದವಳು ನಾನು. ನನ್ನ ಸುಳ್ಳಿನ ಬಲದಿಂದ ಓದಿಲ್ಲದ ಇನ್ನೊಬ್ಬಳನ್ನು ನೋಡಿ ಊರೆಲ್ಲ ನಗುವಾಗ ಸುಮ್ಮನಿದ್ದೆ.

ಮರುದಿನ ಅಂಗಡಿ ತೆರೆದೆ. ಮೊದಲ ಗಿರಾಕಿಯ ಅಂಗಿಗೆ ಗುರುತು ಹಾಕಲು ಪೆನ್ನಿನ ಮುಚ್ಚಳ ತೆಗೆದೆ. ಅದರ ವಾಸನೆ ಮೂಗಿಗೆ ಬಂತು, ಸ್ಪಿರಿಟ್ಟಿನ ವಾಸನೆ. ಇಪ್ಪತ್ತು ವರ್ಷ ಮೂಗಿನ ಹತ್ತಿರ ಹಿಡಿದ ಪೆನ್ನಿನೊಳಗೆ ಇರುವುದೇ ಸ್ಪಿರಿಟ್ಟು. ಸ್ಪಿರಿಟ್ಟಿನಲ್ಲಿ ಕರಗಿದ ಮಸಿ ಸ್ಪಿರಿಟ್ಟಿಗೇ ಮರಳುತ್ತದೆ ಎಂದು ತಿಳಿಯಲು ಎಷ್ಟನೇ ಇಯತ್ತೆ ಬೇಕಿತ್ತು? ಅಂಗಡಿಯ ಶಟರ್ ಎಳೆದು ಠಾಣೆ ಗಾಡಿ ಹತ್ತಿದೆ.

ತಂಗಿ ಬಾಗಿಲು ತೆರೆದಳು. ನಿಂತಲ್ಲೇ ಹೇಳಿದೆ. ಪೆನ್ನು, ನೇರಳೆ ಸ್ಪಿರಿಟ್ಟು, ಏಳು ಚೀಟಿ, ಫೋನು. ಅವಳು ಕುಳಿತುಕೊಳ್ಳಲಿಲ್ಲ.

"ಏಳೂ?"

"ಏಳೂ."

"ನಾ ನಿನಗ ಕೇಳಿದ್ನಲ್ಲ ಅಕ್ಕಾ. ಬಾಯಿ ಬಿಟ್ಟು ಕೇಳಿದ್ದೆ."

"ಕೇಳಿದ್ದಿ."

"ಒಂದನೇ ಗುಡ್ಡದಾಗ ಕೂಗು ಕೇಳಿತ್ತೇನು? ಈಗರೆ ಖರೇ ಹೇಳು."

"ಇಲ್ಲ. ಒಂದೂ ಇಲ್ಲ."

ಅಡಿಗೆಮನೆಗೆ ಹೋಗಿ ನೀರು ಕುಡಿದು ಬಂದಳು. "ಪೇಪರು ತಪ್ಪು ಅಂತ ನಾ ಬರೀಬೇಕು. ನನ್ನ ಹೆಸರಿನ ಮ್ಯಾಲೆ ಬರೀಬೇಕು. ನಿನಗದು ತಿಳೀತದೇನು? ಮಂದಿ ಇನ್ನ ನನ್ನ ಯಾವ ಕಪ್ಪಿನೂ ನಂಬೂದಿಲ್ಲ."

"ನನ್ನ ಹೆಸರು ಹಾಕು."

"ನಿನ್ನ ಹೆಸರು ತಗೊಂಡು ಅವರೇನ್ ಮಾಡ್ತಾರ?" ಎಂದು ಕಿರುಚಿದಳು. "ನೀ ಯಾರು ಅವರಿಗೆ?"

ಅದು ನನಗೆ ನಾಟಿತು. ನಿಜವಾಗಿತ್ತು, ಆದ್ದರಿಂದ ನಾಟಿತು. ನನಗೂ ಸಿಟ್ಟು ಬಂತು. "ನೀ ನನಗ ಪೆನ್ಸಿಲ್ ಅಂತ ಒಡದು ಒಡದು ಹೇಳಿದ್ಯಲ್ಲ, ಅವತ್ತ ನಿನ್ನ ಕಪಾಳಕ್ಕ ಹೊಡೀಬೇಕಿತ್ತು ನಾ" ಎಂದೆ.

"ಹೊಡೀಬೇಕಿತ್ತು!" ಎಂದಳು. "ಹೊಡದು ಪೆನ್ಸಿಲ್ಲಲೇ ಬರೀಬೇಕಿತ್ತು!"

ಚಹಾ ಮಾಡಲಿಲ್ಲ. ಹೊರಡುವಾಗ ಬಾಗಿಲಲ್ಲಿ ಹೇಳಿದಳು: "ಮೊದಲ ಮಳಿಗೆ ಒಂದನೇ ಗುಡ್ಡ ಹತ್ತೂದು. ನೀನೂ ಬರಬೇಕು. ಬರಂಗಿಲ್ಲ ಅನ್ನಬ್ಯಾಡ."

ಇದೆ ಎಂದು ತೋರಿಸಲು ಒಂದು ಕಪ್ಪೆ ಸಾಕು. ಇಲ್ಲ ಎಂದು ತೋರಿಸಲು ಇಡೀ ಗುಡ್ಡ ಬೇಕು. ತಂಗಿ ಒಂದನೇ ಗುಡ್ಡದ ನಕ್ಷೆಯ ಮೇಲೆ ಚೌಕ ಚೌಕ ಗೆರೆ ಎಳೆದಳು. ಪ್ರತಿ ಚೌಕದಲ್ಲಿ ಹತ್ತು ನಿಮಿಷ ಉಸಿರು ಬಿಗಿಹಿಡಿದು ಕೂರುವುದು, ಕಿವಿಗೊಡುವುದು, ಕೂಗು ಹಿಡಿಯುವ ಯಂತ್ರ ಇಡುವುದು, ಬರೆಯುವುದು, ಮುಂದಿನ ಚೌಕ. ಮಳೆಗಾಲ ಮುಗಿಯುವವರೆಗೆ ಪ್ರತಿ ಶನಿವಾರ, ಭಾನುವಾರ. ಪಕ್ಕಾ ಆಗಲೆಂದು ಒಂದೊಂದು ಚೌಕಕ್ಕೆ ಮೂರು ಮೂರು ಸಲ. ಅದರ ನಡುವೆ ಒಮ್ಮೊಮ್ಮೆ ಎರಡನೇ ಗುಡ್ಡಕ್ಕೂ ಹೋಗುತ್ತಿದ್ದೆವು, ಕಪ್ಪೆ ಆ ವಾರ ಕೂಗುತ್ತಿದೆಯೋ ಇಲ್ಲವೋ ಎಂದು ನೋಡಲು. ಕೂಗುತ್ತಿತ್ತು. ಹತ್ತಿದ ತಕ್ಷಣ ಕೇಳುತ್ತಿತ್ತು.

ಆ ಮೂರು ತಿಂಗಳಲ್ಲಿ ತಂಗಿ ನನ್ನೊಡನೆ ಆಡಿದ ಮಾತು ಇಷ್ಟೇ:

"ಹತ್ತು ನಿಮಿಷ ಆತು."

"ಸೊನ್ನಿ."

"ಬರಿ."

ಪೆನ್ಸಿಲ್ಲಿನಿಂದ ಸೊನ್ನೆ ಬರೆದೆ. ಪುಟಗಟ್ಟಲೆ ಸೊನ್ನೆ. ಜಿಗಣೆ ಕಾಲಿಗೆ ಹತ್ತಿದಾಗಲೂ, ಮಾವಶಿಗೆ ಜ್ವರ ಬಂದು ನಾವಿಬ್ಬರೇ ಹತ್ತಿದಾಗಲೂ. ಕಾಗದ ಒದ್ದೆಯಾಗಬಾರದೆಂದು ಸೆರಗಿನ ಒಳಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಟ್ಟುಕೊಳ್ಳುತ್ತಿದ್ದೆ. ಅಷ್ಟು ಸುಲಭದ ಉಪಾಯ ಹಿಂದಿನ ವರ್ಷ ಹೊಳೆಯಲಿಲ್ಲವಲ್ಲ ಎಂದು ಪ್ರತಿ ಸೊನ್ನೆಗೂ ನನ್ನನ್ನು ಬೈದುಕೊಂಡೆ.

ತಂಗಿಯ ತಿದ್ದುಪಡಿ ಅಚ್ಚಾಯಿತು. ಎಲ್ಲ ಸೇರಿ ಒಂದು ಪುಟ. ಬಾಟಲಿಗಳ ಗುರುತು ನಂಬಲರ್ಹವಲ್ಲ, ಒಂದನೇ ಗುಡ್ಡದ ದಾಖಲೆಯನ್ನು ಹಿಂತೆಗೆದುಕೊಳ್ಳುತ್ತೇನೆ ಎಂದು. ಕಾಲೇಜಿನಲ್ಲಿ ಅವಳಿಗೆ ಬರಬೇಕಾಗಿದ್ದ ಹೊಸ ಸಂಶೋಧನೆಯ ಕೆಲಸ ಇನ್ನೊಬ್ಬರಿಗೆ ಹೋಯಿತು. ಇದನ್ನು ಅವಳು ನನಗೆ ಹೇಳಲಿಲ್ಲ. ಡೊಂಬಿವಲಿ ಸ್ಟೇಷನ್ನಿನಲ್ಲಿ ಸಿಕ್ಕ ಅವಳ ಸಹೋದ್ಯೋಗಿ ಹೇಳಿದರು.

ಚಳಿಗಾಲದಲ್ಲಿ ಠಾಣೆಯ ಕಚೇರಿಯಲ್ಲಿ ಗಣಿಗೆ ಅನುಮತಿ ಕೊಡುವ ಸಮಿತಿಯ ಸಭೆ ಕರೆದರು. ಮಾವಶಿಯೂ ನಮ್ಮ ಜೊತೆ ಬಂದಿದ್ದಳು. ಶಾಲೆಯಲ್ಲಿ ನಕ್ಕ ಸಾಹೇಬರೇ ಮೇಜಿನ ನಡುವೆ ಇದ್ದರು. ತಂಗಿ ಸೊನ್ನೆಯ ಪುಟಗಳನ್ನು ಇಟ್ಟಳು. ಮೈಸೂರಿನವನು ನಿಧಾನವಾಗಿ ತಿರುವಿ ನೋಡಿ, ನನ್ನ ಕಡೆ ತಿರುಗಿದ. ಆ ಏಳು ಬಾಟಲಿಯ ಬಗ್ಗೆ ಹೇಳಲು ನನ್ನನ್ನು ಕರೆಸಿದ್ದರು. ನಾನು ಹಿಂದಿಯಲ್ಲಿ ಎಲ್ಲ ಹೇಳಿ ಮುಗಿಸಿದ್ದೆ.

"ಅವತ್ತು ಸುಳ್ಳು ಹೇಳ್ದೆ ಅಂತ ನೀವೇ ಒಪ್ಕೊಳ್ತಿದೀರಿ. ಸರಿ ಅಮ್ಮ. ಇವತ್ತು ಹೇಳ್ತಿರೋದು ನಿಜ ಅಂತ ನಾವ್ ಹೇಗ್ ನಂಬೋದು? ತಂಗಿಗೋಸ್ಕರ ಇವತ್ತೂ ಒಂದು ಸುಳ್ಳು ಹೇಳ್ಬಹುದಲ್ವಾ?" ಎಂದು ಕೇಳಿ, ಅದನ್ನೇ ಸಾಹೇಬರಿಗೆ ಮರಾಠಿಯಲ್ಲಿ ಹೇಳಿದ.

ಪ್ರಶ್ನೆ ಸರಿಯಾಗಿತ್ತು. ಅದಕ್ಕೇ ನನಗೆ ಅವನ ಮೇಲೆ ಇನ್ನಷ್ಟು ಸಿಟ್ಟು ಬಂತು.

ಚೀಲದಿಂದ ಎರಡು ಬಾಟಲಿ ತೆಗೆದು ಮೇಜಿನ ಮೇಲೆ ಇಟ್ಟೆ. ಸ್ಪಿರಿಟ್ಟು ತುಂಬಿದ್ದೆ. ಎರಡು ಚೀಟಿ ತೆಗೆದೆ. ಒಂದರ ಮೇಲೆ ಲಾಂಡ್ರಿಯ ಪೆನ್ನಿನಿಂದ, ಇನ್ನೊಂದರ ಮೇಲೆ ಪೆನ್ಸಿಲ್ಲಿನಿಂದ ಬರೆದೆ: ಎರಡನೇ ಗುಡ್ಡ. ಸಾಹೇಬರಿಗೆ ತೋರಿಸಿ ಒಂದೊಂದು ಬಾಟಲಿಗೆ ಒಂದೊಂದು ಹಾಕಿ ಮುಚ್ಚಳ ಬಿಗಿದೆ.

"ಇದೇನ್ ಮ್ಯಾಜಿಕ್ ಶೋನಾ?" ಎಂದ ಮೈಸೂರಿನವನು.

"ನೀವು ಮಾತಾಡ್ರಿ" ಎಂದೆ. "ಅದು ತನ್ನ ಕೆಲಸ ಮಾಡತದ."

ಅವನು ಮಾತಾಡಿದ. ಕಲ್ಲಿನ ಬೇಡಿಕೆ, ರಸ್ತೆ, ನವಿ ಮುಂಬಯಿಯ ಕಟ್ಟಡಗಳು, ಊರಿನವರಿಗೆ ಕೆಲಸ. ಸಾಹೇಬರು ಮೊದಲು ಅವನನ್ನು ನೋಡುತ್ತಿದ್ದರು. ಆಮೇಲೆ ಮೇಜಿನ ಮೇಲಿನ ಬಾಟಲಿ ನೋಡತೊಡಗಿದರು. ಅಕ್ಷರಗಳಿಂದ ನೇರಳೆ ಹೊಗೆಯಂಥದು ಎದ್ದು ಮೇಲೇರುತ್ತಿತ್ತು. ಸಮಿತಿಯ ಇನ್ನೊಬ್ಬರು ಕನ್ನಡಕ ಹಾಕಿಕೊಂಡರು. ಮೈಸೂರಿನವನ ಮಾತು ತಾನಾಗಿ ನಿಂತಿತು. ಸಾಹೇಬರು ಬಾಟಲಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು, ತಂಗಿ ಕಪ್ಪೆ ಹಿಡಿಯುವ ಹಾಗೆಯೇ. ಒಳಗಿನ ಚೀಟಿಯಲ್ಲಿ ಅಲ್ಲೊಂದು ಇಲ್ಲೊಂದು ಮಸುಕು ಗೆರೆ ಉಳಿದಿತ್ತು. ಅಲುಗಿಸಿದರು. ಅದೂ ಹೋಯಿತು. ಇನ್ನೊಂದು ಬಾಟಲಿಯಲ್ಲಿ ಪೆನ್ಸಿಲ್ಲಿನ ಅಕ್ಷರ ಹೇಗಿತ್ತೋ ಹಾಗೆಯೇ ಇತ್ತು.

"ನನ್ನ ಮಾತು ನಂಬಬ್ಯಾಡ್ರಿ" ಎಂದೆ. ಕನ್ನಡದಲ್ಲಿಯೇ ಬಂತು, ತಂಗಿ ಎದ್ದು ಮರಾಠಿ ಮಾಡಿದಳು. "ನನ್ನ ಏಳು ಚೀಟಿನೂ ನಂಬಬ್ಯಾಡ್ರಿ. ನೀವ ಹೋಗಿ ಕೇಳ್ರಿ. ಮಳಿಗಾಲದಾಗ ಒಂದನೇ ಗುಡ್ಡದ ಮ್ಯಾಲೆ ಹೋಗಿ ಕುಂದರ್ರಿ. ಅಲ್ಲಿ ಅದರ ಕೂಗು ಕೇಳಿದ್ರ ಎರಡನೇ ಗುಡ್ಡ ಕಡೀರಿ. ಅವತ್ತ ಸಾಲ್ಯಾಗ ಈ ಅಜ್ಜಿ ಇದನ್ನ ಹೇಳಿದ್ಲು. ನೀವು ನಕ್ಕಿರಿ."

ತಂಗಿ ಕೊನೆಯ ಸಾಲನ್ನೂ ಬಿಡದೆ ಮರಾಠಿ ಮಾಡಿದಳು. ಸಾಹೇಬರು ಬಾಟಲಿ ಕೆಳಗಿಟ್ಟರು. ಯಾರೂ ನಗಲಿಲ್ಲ.

ಅಂದು ಗಣಿ ರದ್ದಾಗಲಿಲ್ಲ. ವರದಿಯನ್ನು ಹಿಂದಕ್ಕೆ ಕಳಿಸಿದರು. ಇನ್ನೊಂದು ಮಳೆಗಾಲ, ಇಬ್ಬರಿಗೂ ಸಂಬಂ‍ಧವಿಲ್ಲದ ಮೂರನೆಯವರು ಎರಡೂ ಗುಡ್ಡ ಹತ್ತಿ ಕೇಳಬೇಕು. ಅಲ್ಲಿಯವರೆಗೆ ಕಲ್ಲು ಮುಟ್ಟುವಂತಿಲ್ಲ ಎಂದು ಬರೆದರು. ಎರಡೂ ಬಾಟಲಿ ಫೈಲಿಗೆ ಬೇಕು, ಯಾವುದು ಏನು ಎಂದು ಹೊರಗೆ ಚೀಟಿ ಅಂಟಿಸಿ ಕೊಡಿ ಎಂದರು. ನಾನು ಕೈ ಚಾಚಿದೆ. ತಂಗಿ ತನ್ನ ಪೆನ್ಸಿಲ್ ತೆಗೆದು ತಾನೇ ಬರೆದಳು. ನನಗೆ ಕೊಡಲಿಲ್ಲ.

ಮಾವಶಿಯನ್ನು ಬಸ್ಸಿಗೆ ಹತ್ತಿಸಲು ನಾನು ಹೋದೆ. ಸ್ಟ್ಯಾಂಡಿನಲ್ಲಿ ಬಸ್ಸು ತಡವಾಯಿತು. ಅವಳು ಎಲೆ ಅಡಿಕೆ ಹಾಕಿಕೊಂಡು, ನನ್ನ ಮುಖ ನೋಡದೆ ಕೇಳಿದಳು.

"ಆಜ್ ಬೋಲಲೀಸ್. ತ್ಯಾ ದಿವಶೀ ಕುಠೇ ಹೋತೀಸ್?"

ಇವತ್ತು ಮಾತಾಡಿದೆ. ಆ ದಿನ ಎಲ್ಲಿದ್ದೆ?

"ಅಲ್ಲೇ ಇದ್ದೆ ಮಾವಶಿ" ಎಂದೆ. "ನಿನ್ನ ಪಕ್ಕದ ಕುರ್ಚಿಯಲ್ಲಿ."

ಅದನ್ನು ನಾನು ಯಾವ ಭಾಷೆಯಲ್ಲಿ ಹೇಳಿದೆನೋ ನನಗೆ ನೆನಪಿಲ್ಲ. ಅವಳಿಗೆ ತಿಳಿಯಿತು.

"ಮಾಹೀತ್ ಆಹೇ" ಎಂದಳು. ಗೊತ್ತಿದೆ.

ಬಸ್ಸು ಬಂತು. ಹತ್ತಿ ಕಿಟಕಿಯ ಪಕ್ಕ ಕುಳಿತಳು. ಬಸ್ಸು ಹೊರಡುವವರೆಗೂ ನಾನು ಕೆಳಗೆ ನಿಂತಿದ್ದೆ. ಅವಳು ನೇರ ಮುಂದೆ ನೋಡುತ್ತಿದ್ದಳು.